ಹೆಪ್ಪು ಕರಗಿಸಿದ ಮೇಲೆ ಮಿದುಳಲ್ಲಿ ರಕ್ತಸ್ರಾವವಾದರೆ: ಮೊದಲ ಎರಡು ಗಂಟೆಯ ಕೆಲಸ

ಲಕ್ವ ಹೊಡೆದು ನಾಲ್ಕೂವರೆ ಗಂಟೆಯೊಳಗೆ ಬಂದವರಿಗೆ ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಕೊಟ್ಟು ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚಿಕಿತ್ಸೆ (ಥ್ರಾಂಬೊಲಿಸಿಸ್) ಈಗ ಬೆಂಗಳೂರು, ಮೈಸೂರು, ಮಂಗಳೂರು ದಾಟಿ ಚಿಕ್ಕ ಊರುಗಳ ಐಸಿಯುಗಳಿಗೂ ಬಂದಿದೆ. ಔಷಧ ಕೊಡುವುದು ಕಷ್ಟವಲ್ಲ. ಕೊಟ್ಟ ಮೇಲೆ ಅದೇ ಮಿದುಳಿನಲ್ಲಿ ರಕ್ತ ಸೋರಿದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಮೊದಲೇ ತಯಾರಿ ಮಾಡಿಕೊಂಡಿರಬೇಕು, ಏಕೆಂದರೆ ಆ ಹೊತ್ತಿಗೆ ಪುಸ್ತಕ ತೆರೆಯಲು ಸಮಯ ಸಿಗುವುದಿಲ್ಲ.

ಅಪಾಯ ಎಷ್ಟು? 1995ರ ಅಮೆರಿಕದ ಎನ್‌ಐಎನ್‌ಡಿಎಸ್ ಪ್ರಯೋಗದಲ್ಲಿ ಆಲ್ಟಿಪ್ಲೇಸ್ ಪಡೆದವರಲ್ಲಿ ಶೇ 6.4 ಮಂದಿಗೆ, ಪಡೆಯದವರಲ್ಲಿ ಶೇ 0.6 ಮಂದಿಗೆ ಲಕ್ಷಣ ಕಾಣಿಸುವಂಥ ರಕ್ತಸ್ರಾವವಾಯಿತು. 2008ರ ಯುರೋಪಿನ ಎಕಾಸ್ 3ರಲ್ಲಿ ಇದೇ ಲೆಕ್ಕ ಶೇ 2.4 ಮತ್ತು ಶೇ 0.2. ಯಾವುದನ್ನು ರಕ್ತಸ್ರಾವವೆಂದು ಎಣಿಸಬೇಕು ಎಂಬ ವ್ಯಾಖ್ಯೆ ಎರಡರಲ್ಲಿ ಬೇರೆ ಬೇರೆ, ಹಾಗಾಗಿ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಡ್ಯೂಟಿ ಡಾಕ್ಟರಿಗೆ ಬೇಕಾದ ಅಂಕಿ ಇನ್ನೊಂದು. 2015ರಲ್ಲಿ ಪ್ರಕಟವಾದ, ಇಂಥ ರಕ್ತಸ್ರಾವವಾದ 128 ಮಂದಿಯ ಅಧ್ಯಯನದಲ್ಲಿ ರಕ್ತಸ್ರಾವ ಪತ್ತೆಯಾದ ಮೇಲೆ ಅದಕ್ಕೆ ಮದ್ದು ಶುರುವಾಗಲು ಹಿಡಿದ ಮಧ್ಯಾಂಕ ಸಮಯ 112 ನಿಮಿಷ. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು.

ಸುಮಾರು ಎರಡು ಗಂಟೆ ಎಲ್ಲಿ ಹೋಗುತ್ತದೆ? ಮೊದಲು ಸ್ಕ್ಯಾನ್, ಆಮೇಲೆ ವರದಿ, ಆಮೇಲೆ ರಕ್ತ ಪರೀಕ್ಷೆ, ಆಮೇಲೆ ನರರೋಗ ತಜ್ಞರಿಗೆ ಫೋನ್, ಕೊನೆಗೆ ಬ್ಲಡ್ ಬ್ಯಾಂಕ್: ಒಂದು ಮುಗಿದ ಮೇಲೆ ಇನ್ನೊಂದು ಎಂಬ ಸಾಲಿನಲ್ಲಿ ಹೋಗುತ್ತದೆ. ಈ ಸಾಲನ್ನು ಮುರಿದು ಎಲ್ಲವನ್ನೂ ಒಟ್ಟಿಗೆ ಓಡಿಸುವುದು ಹೇಗೆ ಎಂಬುದೇ ಇಲ್ಲಿರುವ ವಿಷಯ. ವೈದ್ಯರು, ಸ್ಟಾಫ್ ನರ್ಸ್‌ಗಳಿಗೆಂದು ಬರೆದದ್ದು. ರೋಗಿಯ ಮನೆಯವರಿಗೆ ಬೇಕಾದ್ದು ‘ಮನೆಯವರಿಗೆ’ ಎಂಬ ಭಾಗದಲ್ಲಿದೆ.

ಔಷಧ ಹೋದರೂ ಅದು ಮಾಡಿದ ಖಾಲಿ ಉಳಿಯುತ್ತದೆ

ಆಲ್ಟಿಪ್ಲೇಸ್ ರಕ್ತದಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಅದರ ಆರಂಭದ ಅರ್ಧಾಯುಷ್ಯ ಸುಮಾರು 5 ನಿಮಿಷ. ಟೆನೆಕ್ಟಿಪ್ಲೇಸ್‌ನದು 20ರಿಂದ 24 ನಿಮಿಷ, ನಂತರದ ಹಂತದಲ್ಲಿ 90ರಿಂದ 130 ನಿಮಿಷ. ಇದನ್ನು ನೋಡಿ ‘ಪಂಪ್ ನಿಲ್ಲಿಸಿದೆವಲ್ಲ, ಇನ್ನೇನು ಔಷಧ ಇಳಿದುಹೋಗುತ್ತದೆ’ ಎಂದು ಕೂರುವವರಿದ್ದಾರೆ. ತಪ್ಪಾಗುವುದು ಇಲ್ಲೇ. ಈ ಔಷಧ ಪ್ಲಾಸ್ಮಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಪ್ಲಾಸ್ಮಿನ್ ಹೆಪ್ಪನ್ನು ಕತ್ತರಿಸುವುದರ ಜೊತೆಗೆ ರಕ್ತದಲ್ಲಿ ತೇಲುವ, ಹೆಪ್ಪು ಕಟ್ಟಲು ಬೇಕಾದ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನೂ ತಿಂದುಹಾಕುತ್ತದೆ. ಯಕೃತ್ತು ಅದನ್ನು ಮತ್ತೆ ತಯಾರಿಸಿ ತುಂಬಿಕೊಡಲು ಒಂದು ದಿನದಷ್ಟು ಹಿಡಿಯಬಹುದು. ಗೋಡೆ ಕಟ್ಟಲು ಇಟ್ಟಿಗೆಯೂ ಇದೆ, ಗಾರೆ ಕೆಲಸದವರೂ ಇದ್ದಾರೆ, ಸಿಮೆಂಟ್ ಮಾತ್ರ ಮುಗಿದಿದೆ. ಪ್ಲೇಟ್‌ಲೆಟ್ ಸರಿಯಿದ್ದೂ ರಕ್ತ ನಿಲ್ಲದಿರುವುದು ಹೀಗೆ. ಆರೋಗ್ಯವಂತರಲ್ಲಿ ಫೈಬ್ರಿನೋಜೆನ್ ಡೆಸಿಲೀಟರ್‌ಗೆ 200ರಿಂದ 400 ಮಿ.ಗ್ರಾಂ. ಇರುತ್ತದೆ. 150ರ ಕೆಳಗೆ ಇಳಿದವರಲ್ಲಿ ಮಿದುಳಿನ ರಕ್ತಗೆಡ್ಡೆ ದೊಡ್ಡದಾಗುವ ಸಂಭವ ಹೆಚ್ಚು ಎಂಬುದು ಮೇಲೆ ಹೇಳಿದ 128 ಮಂದಿಯ ಅಧ್ಯಯನದಲ್ಲೇ ಕಂಡದ್ದು.

ಆದ್ದರಿಂದ ಚಿಕಿತ್ಸೆಯ ನಡುಗಂಬ ಫೈಬ್ರಿನೋಜೆನ್ ತುಂಬಿಸುವುದು. ಅದಕ್ಕೆ ಬಳಸುವುದು ಕ್ರಯೋ, ಅಂದರೆ ಫೈಬ್ರಿನೋಜೆನ್ ದಟ್ಟವಾಗಿರುವ ರಕ್ತದ ಘಟಕ. ಉಳಿದದ್ದೆಲ್ಲ ಅದರ ಸುತ್ತ.

ಔಷಧ ಕೊಡುವಾಗಲೇ ಕೇಸ್ ಶೀಟಿನಲ್ಲಿ ಇರಬೇಕಾದ್ದು

ರೋಗಿಯ ತೂಕ, ಔಷಧದ ಹೆಸರು, ಬೋಲಸ್ (ಒಮ್ಮೆಗೇ ಚುಚ್ಚುವ ಪಾಲು) ಕೊಟ್ಟ ನಿಮಿಷ, ಒಟ್ಟು ಡೋಸ್, ಆಗಿನ ಎನ್‌ಐಎಚ್‌ಎಸ್‌ಎಸ್ ಅಂಕ (ಲಕ್ವದ ತೀವ್ರತೆಯ ಅಳತೆ; ಏರಿದಷ್ಟೂ ಕೆಟ್ಟದ್ದು), ಬಿ.ಪಿ., ಸಕ್ಕರೆ, ಪ್ಲೇಟ್‌ಲೆಟ್. ರೋಗಿ ನುಂಗುತ್ತಿದ್ದ ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಅಥವಾ ಇನ್ನಾವುದೇ ರಕ್ತ ತೆಳುವಾಗಿಸುವ ಮಾತ್ರೆಯ ಹೆಸರು ಮತ್ತು ಕೊನೆಯ ಡೋಸ್‌ನ ಹೊತ್ತು. ರಕ್ತದ ಗುಂಪು ಪರೀಕ್ಷೆಗೆ ಅಂದೇ ಒಂದು ಟ್ಯೂಬ್ ಕಳಿಸಿಟ್ಟರೆ ಮುಂದೆ ಹತ್ತು ಹದಿನೈದು ನಿಮಿಷ ಉಳಿಯುತ್ತದೆ.

ಲೆಕ್ಕ ಗಟ್ಟಿ ಇರಲಿ. ಆಲ್ಟಿಪ್ಲೇಸ್ ಕೆ.ಜಿ.ಗೆ 0.9 ಮಿ.ಗ್ರಾಂ., ಗರಿಷ್ಠ 90 ಮಿ.ಗ್ರಾಂ.; ಹತ್ತನೇ ಒಂದು ಭಾಗ ಒಂದು ನಿಮಿಷದಲ್ಲಿ, ಉಳಿದದ್ದು 60 ನಿಮಿಷದಲ್ಲಿ. 60 ಕೆ.ಜಿ. ತೂಕದವರಿಗೆ 54 ಮಿ.ಗ್ರಾಂ. ಅಂದರೆ 5.4 ಬೋಲಸ್, 48.6 ಪಂಪಿನಲ್ಲಿ. ಕರಗಿಸಿದ ಮೇಲೆ ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ. ಇರುವುದರಿಂದ ಪಂಪಿನ ವೇಗ ಗಂಟೆಗೆ 48.6 ಮಿ.ಲೀ. ಇಪ್ಪತ್ತನೇ ನಿಮಿಷಕ್ಕೆ ತಲೆನೋವು ಬಂದು ಪಂಪ್ ನಿಲ್ಲಿಸಿದರೆ ಒಳಗೆ ಹೋಗಿರುವುದು 5.4 ಕೂಡಿಸು 16.2, ಒಟ್ಟು 21.6 ಮಿ.ಗ್ರಾಂ. ಈ ಅಂಕಿಯನ್ನು ಬರೆದಿಡಿ. ಮುಂದೆ ನೋಡುವ ಪ್ರತಿಯೊಬ್ಬರೂ ಇದನ್ನೇ ಮೊದಲು ಕೇಳುತ್ತಾರೆ. ಟೆನೆಕ್ಟಿಪ್ಲೇಸ್ ಆದರೆ ಒಂದೇ ಬೋಲಸ್ (ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಕೆ.ಜಿ.ಗೆ 0.25 ಮಿ.ಗ್ರಾಂ., ಗರಿಷ್ಠ 25). ಅಲ್ಲಿ ನಿಲ್ಲಿಸಲು ಪಂಪೇ ಇಲ್ಲ. ಕೊಟ್ಟದ್ದು ಕೊಟ್ಟದ್ದೇ.

ಅನುಮಾನ ಯಾವಾಗ?

ಔಷಧ ಶುರುವಾದ ಹೊತ್ತಿನಿಂದ ಮೊದಲ 2 ಗಂಟೆಯವರೆಗೆ ಪ್ರತಿ 15 ನಿಮಿಷಕ್ಕೊಮ್ಮೆ, ಮುಂದಿನ 6 ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ಬಿ.ಪಿ. ಮತ್ತು ನರಪರೀಕ್ಷೆ ಆಗಬೇಕು. ಹೊಸದಾಗಿ ಜೋರು ತಲೆನೋವು, ವಾಂತಿ, ಇದ್ದಕ್ಕಿದ್ದಂತೆ ಏರಿದ ಬಿ.ಪಿ., ಮಂಪರು, ಕೈಕಾಲಿನ ಬಲ ಇನ್ನಷ್ಟು ಕುಸಿದದ್ದು: ಇವುಗಳಲ್ಲಿ ಒಂದು ಕಂಡರೂ ಸಾಕು. ಎನ್‌ಐಎಚ್‌ಎಸ್‌ಎಸ್ 4 ಅಂಕ ಏರಿದರೆ ಅದನ್ನು ಗಂಭೀರ ಬದಲಾವಣೆ ಎಂದೇ ಲೆಕ್ಕ. ಆದರೆ 4 ಆಗಲಿ ಎಂದು ಕಾಯುವುದು ಬೇಡ.

ಕಣ್ತಪ್ಪುವುದು ಬೆಳಗಿನ ಜಾವ. ರೋಗಿ ಗೊರಕೆ ಹೊಡೆಯುತ್ತಿದ್ದಾರೆ, ಚಾರ್ಟಿನಲ್ಲಿ ‘ನಿದ್ರಿಸುತ್ತಿದ್ದಾರೆ’ ಎಂದು ಬರೆಯಲಾಗುತ್ತದೆ. ಔಷಧ ಕೊಟ್ಟ ರಾತ್ರಿ ಆ ಪದಕ್ಕೆ ಚಾರ್ಟಿನಲ್ಲಿ ಜಾಗವಿಲ್ಲ. ಎಬ್ಬಿಸಿ ಹೆಸರು ಕೇಳಿ, ಎರಡೂ ಕೈ ಎತ್ತಿಸಿ, ಟಾರ್ಚ್ ಹಾಕಿ ಕಣ್ಣಿನ ಪಾಪೆ ನೋಡಿ. ಬಿ.ಪಿ. ಪಟ್ಟಿಯನ್ನು ಗಂಟೆಗೊಮ್ಮೆ ಕೈ ಬದಲಿಸಿ. ಒಂದೇ ತೋಳನ್ನು ಹದಿನೈದು ನಿಮಿಷಕ್ಕೊಮ್ಮೆ ಹಿಂಡಿದರೆ ಪಟ್ಟಿಯ ಕೆಳಗೆ ಕೆಂಪು ಚುಕ್ಕೆಗಳೇಳುತ್ತವೆ.

ವಯಸ್ಸಾದವರು, ಲಕ್ವ ದೊಡ್ಡದಿದ್ದವರು, ಸಕ್ಕರೆ ಏರಿದ್ದವರು, ಬಿ.ಪಿ. ಹತೋಟಿಗೆ ಬರದವರು, ಹೃದಯದ ಲಯ ತಪ್ಪಿದವರು, ಪ್ಲೇಟ್‌ಲೆಟ್ ಅಂಟಿಕೊಳ್ಳದಂತೆ ತಡೆಯುವ ಎರಡೆರಡು ಮಾತ್ರೆ ನುಂಗುತ್ತಿದ್ದವರು ಹೆಚ್ಚು ಅಪಾಯದಲ್ಲಿರುವವರು. ಅವರ ಹಾಸಿಗೆ ನರ್ಸಿಂಗ್ ಸ್ಟೇಷನ್ನಿಗೆ ಹತ್ತಿರವಿರಲಿ.

ಮೊದಲ ಐದು ನಿಮಿಷ

ಆಲ್ಟಿಪ್ಲೇಸ್ ಓಡುತ್ತಿದ್ದರೆ ಪಂಪ್ ನಿಲ್ಲಿಸಿ. ಇದಕ್ಕೆ ವೈದ್ಯರ ಸಹಿ ಕಾಯಬೇಕಾಗಿಲ್ಲ, ನರ್ಸೇ ನಿಲ್ಲಿಸಬಹುದು ಎಂಬ ನಿಯಮವನ್ನು ವಾರ್ಡಿನಲ್ಲಿ ಮೊದಲೇ ಬರೆದು ಅಂಟಿಸಿರಬೇಕು. ನಿಲ್ಲಿಸಿದ ಸಮಯ ಬರೆಯಿರಿ. ಲೈನಿನ ಕೊಳವೆಯಲ್ಲಿ ಉಳಿದಿರುವ ಔಷಧವನ್ನು ಸಲೈನ್ ಹಾಕಿ ಒಳಗೆ ತಳ್ಳಬೇಡಿ. ಕೊಳವೆ ಕಳಚಿ ಹೊಸ ಸೆಟ್ ಹಾಕಿ. ಗಡಿಬಿಡಿಯಲ್ಲಿ ಇದನ್ನು ಮರೆಯುವುದೇ ಹೆಚ್ಚು.

ಬೆರಳು ಚುಚ್ಚಿ ಸಕ್ಕರೆ ನೋಡಿ. ಸಕ್ಕರೆ ಇಳಿದರೂ, ಫಿಟ್ಸ್ ಬಂದರೂ, ಬಿ.ಪಿ. ಕುಸಿದರೂ, ರಕ್ತನಾಳ ಮತ್ತೆ ಮುಚ್ಚಿಕೊಂಡರೂ ರೋಗಿ ಹೀಗೇ ಹದಗೆಡುತ್ತಾರೆ. ತಲೆಯ ಭಾಗ 30 ಡಿಗ್ರಿ ಎತ್ತಿ, ಕತ್ತು ನೇರ ಇಡಿ. ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಸಕ್ಷನ್ ಮಾಡಿ. ಜಿ.ಸಿ.ಎಸ್. (ಪ್ರಜ್ಞೆಯ ಮಟ್ಟದ ಅಂಕ) 8 ಅಥವಾ ಅದಕ್ಕಿಂತ ಕಡಿಮೆಯಾದರೆ ಉಸಿರುನಳಿಕೆ ಹಾಕಿಯೇ ಸ್ಕ್ಯಾನಿಗೆ ಒಯ್ಯಬೇಕು.

ಇದೇ ಐದು ನಿಮಿಷದಲ್ಲಿ ಇನ್ನೊಬ್ಬರು ಮೂರು ಫೋನ್ ಮಾಡಬೇಕು: ಸಿ.ಟಿ. ಕೋಣೆಗೆ, ಬ್ಲಡ್ ಬ್ಯಾಂಕಿಗೆ, ನರರೋಗ ತಜ್ಞರಿಗೆ. ಬ್ಲಡ್ ಬ್ಯಾಂಕಿಗೆ ಹೇಳಬೇಕಾದ ಮಾತು ಚಿಕ್ಕದು: ‘ಥ್ರಾಂಬೊಲಿಸಿಸ್ ಆದ ರೋಗಿ, ಮಿದುಳಲ್ಲಿ ರಕ್ತಸ್ರಾವದ ಅನುಮಾನ, ಹತ್ತು ಯೂನಿಟ್ ಕ್ರಯೋ ಬೇಕಾಗಬಹುದು, ಇದೆಯೇ?’ ಇಷ್ಟು ಗೊತ್ತಿದ್ದರೆ ಅವರು ಫ್ರೀಜರಿನಿಂದ ಎಣಿಸಿ ಎತ್ತಿಟ್ಟುಕೊಳ್ಳುತ್ತಾರೆ. ಕರಗಿಸಲು ಹೇಳುವುದು ಸ್ಕ್ಯಾನ್ ಆದ ಮೇಲೆ. ಒಂದು ಪಾಪೆ ದೊಡ್ಡದಾಗಿ ರೋಗಿ ಕಣ್ಣೆದುರಿಗೇ ಇಳಿಯುತ್ತಿದ್ದರೆ ಮಾತ್ರ ಸ್ಕ್ಯಾನಿಗೆ ಮೊದಲೇ ಕರಗಿಸಲು ಹೇಳಿ ಎಂಬುದು ನಮ್ಮ ಅಭಿಪ್ರಾಯ. ಹತ್ತು ಚೀಲ ವ್ಯರ್ಥವಾಗಬಹುದು, ಆ ಸಂದರ್ಭದಲ್ಲಿ ಪರವಾಗಿಲ್ಲ.

ರಕ್ತದ ಟ್ಯೂಬುಗಳು

ಸಿಬಿಸಿ (ರಕ್ತಕಣಗಳ ಎಣಿಕೆ), ಪಿಟಿ-ಐಎನ್‌ಆರ್ ಮತ್ತು ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ), ಫೈಬ್ರಿನೋಜೆನ್, ಗುಂಪು ಮತ್ತು ಕ್ರಾಸ್‌ಮ್ಯಾಚ್ (ದಾನಿಯ ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ). ಪಿಟಿ, ಎಪಿಟಿಟಿ ಎರಡೂ ಸರಿಯಾಗಿವೆ ಎಂದು ನೆಮ್ಮದಿಯಾಗಬೇಡಿ. ಫೈಬ್ರಿನೋಜೆನ್ ಬಹಳ ಇಳಿಯುವವರೆಗೂ ಅವು ಸರಿಯಾಗಿಯೇ ಬರಬಹುದು. ಅದಕ್ಕೇ ಫೈಬ್ರಿನೋಜೆನ್ ಅನ್ನು ಬೇರೆಯಾಗಿ, ಹೆಸರು ಬರೆದು ಕೇಳಬೇಕು. ‘ಕೊಆಗ್ಯುಲೇಷನ್ ಪ್ರೊಫೈಲ್’ ಎಂದಷ್ಟೇ ಬರೆದರೆ ಅನೇಕ ಕಡೆ ಅದು ಸೇರಿರುವುದಿಲ್ಲ.

ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬನ್ನು ಗೆರೆಯವರೆಗೆ ತುಂಬಿಸಿ. ಅರ್ಧ ತುಂಬಿದ ಟ್ಯೂಬಿನಲ್ಲಿ ಸಿಟ್ರೇಟ್ ಪಾಲು ಹೆಚ್ಚಾಗಿ ಫಲಿತಾಂಶ ಕೆಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಹೆಪ್ಪು ಕರಗಿಸುವ ಔಷಧ ಟ್ಯೂಬಿನೊಳಗೂ ಕೆಲಸ ಮಾಡುತ್ತಲೇ ಇರುತ್ತದೆ, ಟ್ಯೂಬ್ ಟ್ರೇಯಲ್ಲಿ ಕುಳಿತಷ್ಟು ಹೊತ್ತು ಫೈಬ್ರಿನೋಜೆನ್ ಇಳಿಯುತ್ತದೆ. ಕೈಯಲ್ಲೇ ಲ್ಯಾಬಿಗೆ ಕಳಿಸಿ. ಇಷ್ಟೆಲ್ಲ ಹೇಳಿದ ಮೇಲೂ ನೆನಪಿರಬೇಕಾದ್ದು ಒಂದು: ಸ್ಕ್ಯಾನಿನಲ್ಲಿ ರಕ್ತ ಕಂಡಿದೆ, ರೋಗಿಗೆ ಲಕ್ಷಣಗಳಿವೆ ಎಂದಾದರೆ ಫೈಬ್ರಿನೋಜೆನ್ ವರದಿಗಾಗಿ ಕ್ರಯೋ ತಡೆಹಿಡಿಯಬಾರದು. ವರದಿ ಬೇಕಿರುವುದು ಎರಡನೇ ಡೋಸ್ ನಿರ್ಧರಿಸಲು.

ರಕ್ತ ತೆಗೆದ ಜಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಧಮನಿ ಚುಚ್ಚುವುದು, ಮೂಗಿನ ನಳಿಕೆ, ಮೂತ್ರದ ನಳಿಕೆ ಇವೆಲ್ಲ ಅನಿವಾರ್ಯವಾದರೆ ಮಾತ್ರ, ಅದೂ ಕೈ ಪಳಗಿದವರಿಂದ.

ಸ್ಕ್ಯಾನಿನಲ್ಲಿ ಏನು ನೋಡಬೇಕು?

ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ದ್ರವ) ಇಲ್ಲದ ಸಾದಾ ಸಿ.ಟಿ. ಸಾಕು. ರಕ್ತಸ್ರಾವವನ್ನು ಎರಡು ಬಗೆಯಾಗಿ ನೋಡುವುದು ರೂಢಿ. ಸತ್ತ ಮಿದುಳಿನ ಭಾಗದೊಳಗೆ ಅಲ್ಲಲ್ಲಿ ಚುಕ್ಕೆಯಂತೆಯೋ, ಚುಕ್ಕೆಗಳು ಕೂಡಿಕೊಂಡಂತೆಯೋ ಕಂಡು ಸುತ್ತಲ ಮಿದುಳನ್ನು ತಳ್ಳದಿದ್ದರೆ ಅದು ಎಚ್‌ಐ 1 ಅಥವಾ 2. ರೋಗಿ ಮೊದಲಿನಂತೆಯೇ ಇದ್ದರೆ ಇದಕ್ಕೆ ಸಾಮಾನ್ಯವಾಗಿ ಕ್ರಯೋ ಬೇಡ, ನಿಗಾ ಸಾಕು. ಗಡ್ಡೆಯಾಗಿ ಕೂತ ರಕ್ತ ಪಿಎಚ್. ಅದು ಸತ್ತ ಭಾಗದ ಶೇ 30ರೊಳಗಿದ್ದರೆ ಪಿಎಚ್ 1, ಶೇ 30 ಮೀರಿ ಸುತ್ತಲಿನದನ್ನು ತಳ್ಳುತ್ತಿದ್ದರೆ ಪಿಎಚ್ 2. ರೋಗಿಯ ಪ್ರಾಣಕ್ಕೆ ಬರುವುದು ಹೆಚ್ಚಾಗಿ ಈ ಕೊನೆಯದು. ಲಕ್ವ ಆಗಿರದ ಕಡೆಯೂ ರಕ್ತ ಕಾಣಿಸಬಹುದು, ಕುಹರಗಳೊಳಗೂ (ಮಿದುಳಿನ ನೀರು ತುಂಬಿದ ಟೊಳ್ಳುಗಳು) ಇಳಿಯಬಹುದು.

ಔಷಧದ ಜೊತೆಗೆ ತೊಡೆಯ ಮೂಲಕ ತಂತಿ ಹಾಕಿ ಹೆಪ್ಪು ಹೊರತೆಗೆದಿದ್ದರೆ ಒಂದು ಮೋಸವುಂಟು: ಆಗ ಬಳಸಿದ ಕಾಂಟ್ರಾಸ್ಟ್ ಮಿದುಳಿನಲ್ಲಿ ಸೋರಿ ಕೂತು ರಕ್ತದಂತೆಯೇ ಬೆಳ್ಳಗೆ ಕಾಣುತ್ತದೆ. ಡ್ಯುಯಲ್ ಎನರ್ಜಿ ಸಿ.ಟಿ. ಇದ್ದಲ್ಲಿ ಎರಡನ್ನೂ ಬೇರ್ಪಡಿಸಬಹುದು. ಇಲ್ಲದಿದ್ದರೆ ಮರುದಿನದ ಸ್ಕ್ಯಾನಿನಲ್ಲಿ ಕಾಂಟ್ರಾಸ್ಟ್ ತಿಳಿಯಾಗಿರುತ್ತದೆ, ರಕ್ತ ಹಾಗೇ ಇರುತ್ತದೆ. ರೋಗಿ ಹದಗೆಡುತ್ತಿದ್ದರೆ ಮರುದಿನದವರೆಗೆ ಕಾಯುವ ಪ್ರಶ್ನೆಯಿಲ್ಲ, ರಕ್ತವೆಂದೇ ತಿಳಿದು ಮುಂದುವರಿಯಿರಿ.

ಕ್ರಯೋ: ಎಷ್ಟು, ಹೇಗೆ, ಎಲ್ಲಿ ತಪ್ಪುತ್ತದೆ

ಕ್ರಯೋಪ್ರೆಸಿಪಿಟೇಟ್ ಎಂದರೆ ಫ್ರೀಜ್ ಮಾಡಿಟ್ಟ ಪ್ಲಾಸ್ಮಾವನ್ನು (ರಕ್ತದ ದ್ರವಭಾಗ) ನಿಧಾನವಾಗಿ ಶೀತದಲ್ಲೇ ಕರಗಿಸಿದಾಗ ತಳದಲ್ಲಿ ಉಳಿಯುವ ಗಷ್ಟು. ಅದರಲ್ಲಿ ಫೈಬ್ರಿನೋಜೆನ್, ಫ್ಯಾಕ್ಟರ್ 8, ಫ್ಯಾಕ್ಟರ್ 13, ವಾನ್ ವಿಲ್ಲಿಬ್ರಾಂಡ್ ಅಂಶ ದಟ್ಟವಾಗಿರುತ್ತವೆ. ಒಂದು ಚೀಲದಲ್ಲಿ ಇರುವುದು ಬರೀ 15ರಿಂದ 20 ಮಿ.ಲೀ., ಕನಿಷ್ಠ 150 ಮಿ.ಗ್ರಾಂ. ಫೈಬ್ರಿನೋಜೆನ್ ಇರಬೇಕೆಂಬುದು ಅಳತೆ.

ಡೋಸ್: 10 ಯೂನಿಟ್, 10ರಿಂದ 30 ನಿಮಿಷದಲ್ಲಿ. ಒಟ್ಟು 150ರಿಂದ 200 ಮಿ.ಲೀ. ಆಗುತ್ತದೆ. ಸರಾಸರಿ ಮೈಕಟ್ಟಿನವರಲ್ಲಿ ಇದು ಫೈಬ್ರಿನೋಜೆನ್ ಅನ್ನು ಡೆಸಿಲೀಟರ್‌ಗೆ 50ರಿಂದ 70 ಮಿ.ಗ್ರಾಂ.ನಷ್ಟು ಏರಿಸುತ್ತದೆ. ಅಂದರೆ 120 ಇದ್ದವರು ಒಂದು ಡೋಸಿಗೆ ದಡ ಸೇರಿಯಾರು. 70 ಇದ್ದವರು ಸೇರಲಾರರು. ಮೊದಲ ಹತ್ತು ಹೋದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮತ್ತೆ ಫೈಬ್ರಿನೋಜೆನ್ ಕಳಿಸಿ. 150ರ ಕೆಳಗಿದ್ದರೆ ಇನ್ನೊಂದು ಡೋಸ್.

ಈಗ ಕರಗಿಸುವ ಮೇಜಿನ ಹತ್ತಿರ ಬನ್ನಿ. ಫ್ರೀಜರಿನಿಂದ ತೆಗೆದ ಚೀಲ ಬಿಸ್ಕತ್ತಿನಂತೆ ಗಡುಸಾಗಿರುತ್ತದೆ, ಎತ್ತಿ ಕುಕ್ಕಿದರೆ ಬಿರುಕು ಬಿಡುತ್ತದೆ. ಅದನ್ನು ಇನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೂಜಿ ಚುಚ್ಚುವ ಬಾಯಿಗಳು ಮೇಲಿರುವಂತೆ, 37 ಡಿಗ್ರಿ ನೀರಿನಲ್ಲಿ ಇಳಿಬಿಡಬೇಕು. ಬಾಯಿಗೆ ನೀರು ತಾಗಿದರೆ ಸೋಂಕಿಗೆ ದಾರಿ. ಹತ್ತು ನಿಮಿಷದ ಆಸುಪಾಸಿನಲ್ಲಿ ಕರಗುತ್ತದೆ. ಬೆಳಕಿಗೆ ಹಿಡಿದಾಗ ಬಿಳಿ ಎಳೆಗಳು ಇನ್ನೂ ತೇಲುತ್ತಿದ್ದರೆ ಮುಗಿದಿಲ್ಲ ಎಂದರ್ಥ. ಕೈಯಲ್ಲಿ ಮೆಲ್ಲಗೆ ಆಡಿಸಿ, ಮತ್ತೆ ಅದ್ದಿ. ಬೇಗ ಆಗಲಿ ಎಂದು ಬಿಸಿನೀರು ಹಾಕಿದರೆ ಒಳಗಿನ ಪ್ರೋಟೀನ್ ಕೆಟ್ಟು, ಹತ್ತು ಚೀಲ ಹಾಕಿಯೂ ಅಂಕಿ ಏರುವುದಿಲ್ಲ. ಕರಗಿದ ಮೇಲೆ ಫ್ರಿಜ್ಜಿಗೆ ಇಡಬಾರದು, ಅದು ಮತ್ತೆ ಗಷ್ಟಾಗಿ ಕೂರುತ್ತದೆ. ಕೋಣೆಯ ತಾಪದಲ್ಲಿಟ್ಟು 6 ಗಂಟೆಯೊಳಗೆ, ಹತ್ತನ್ನೂ ಬಾಯಿ ತೆರೆದು ಒಂದೇ ಚೀಲಕ್ಕೆ ಸೇರಿಸಿದ್ದರೆ 4 ಗಂಟೆಯೊಳಗೆ ಬಳಸಬೇಕು.

ಕ್ರಾಸ್‌ಮ್ಯಾಚ್ ಬೇಕಿಲ್ಲ. ಗುಂಪು ಹೊಂದಿದರೆ ಒಳ್ಳೆಯದು, ಆದರೆ ವಯಸ್ಕರಲ್ಲಿ ಅದಕ್ಕಾಗಿ ನಿಲ್ಲಬೇಕಾಗಿಲ್ಲ. ಫಿಲ್ಟರ್ ಇರುವ ಬ್ಲಡ್ ಸೆಟ್ಟಿನಲ್ಲೇ ಹಾಕಿ. ಚೀಲದ ಗೋಡೆಗೆ ಅಂಟಿಕೊಂಡದ್ದು ಕಣ್ಣಿಗೆ ಕಾಣದಷ್ಟೇ ಇದ್ದರೂ 15 ಮಿ.ಲೀ. ಚೀಲದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಚೀಲಕ್ಕೂ 10 ಮಿ.ಲೀ. ನಾರ್ಮಲ್ ಸಲೈನ್ ಬಿಟ್ಟು ತೊಳೆದು ಹರಿಸಿ. ಆ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಬಾರದು, ಆರ್.ಎಲ್. (ರಿಂಗರ್ ಲ್ಯಾಕ್ಟೇಟ್) ಬೇಡ, ಮ್ಯಾನಿಟಾಲ್ ಬೇಡ. ಅಂದರೆ ಕನಿಷ್ಠ ಎರಡು ಐ.ವಿ. ಲೈನ್ ಬೇಕು. ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕದಲ್ಲೇ ನಿಂತು ಮೈ ತುರಿಕೆ, ಚಳಿ, ಏದುಸಿರು ಗಮನಿಸಿ.

ಫೈಬ್ರಿನೋಜೆನ್ ಪುಡಿಯ ಬಾಟಲಿ ಸಿಗುವ ದೊಡ್ಡ ಆಸ್ಪತ್ರೆಗಳಲ್ಲಿ ಕರಗಿಸುವ ರಗಳೆಯೇ ಇಲ್ಲ. ದುಬಾರಿ, ಎಲ್ಲೆಡೆ ಇಟ್ಟಿರುವುದಿಲ್ಲ.

ಎಫ್‌ಎಫ್‌ಪಿ (ಫ್ರೀಜ್ ಮಾಡಿಟ್ಟ ಪ್ಲಾಸ್ಮಾ) ಆಗದೇ? ಕ್ರಯೋ ಸಿಗದಿದ್ದರೆ ಕೈಗೆ ಬಂದದ್ದನ್ನು ಕೊಡಬೇಕಾಗುತ್ತದೆ, ನಿಜ. ಆದರೆ ಲೆಕ್ಕ ನೋಡಿ: ಕೆ.ಜಿ.ಗೆ 15 ಮಿ.ಲೀ.ನಂತೆ 60 ಕೆ.ಜಿ.ಗೆ 900 ಮಿ.ಲೀ. ಆಗುತ್ತದೆ. ಕರಗಲು ಅರ್ಧ ಗಂಟೆ, ಹರಿಸಲು ಇನ್ನಷ್ಟು. ಹೃದಯ ದುರ್ಬಲವಿರುವ ವೃದ್ಧರಿಗೆ ಅಷ್ಟು ನೀರು ಶ್ವಾಸಕೋಶಕ್ಕೇ ಹೋಗಿ ಕೂರುತ್ತದೆ.

ಪ್ಲೇಟ್‌ಲೆಟ್ ಸಂಖ್ಯೆ ಒಂದು ಲಕ್ಷದ ಕೆಳಗಿದ್ದರೆ 6ರಿಂದ 8 ಯೂನಿಟ್ ಪ್ಲೇಟ್‌ಲೆಟ್ ಕೊಡುವುದುಂಟು. ಸಂಖ್ಯೆ ಸರಿಯಿದ್ದು ಆಸ್ಪಿರಿನ್ ನುಂಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಕೊಡಬೇಡಿ. ತಾನಾಗಿ ಆದ ಮಿದುಳಿನ ರಕ್ತಸ್ರಾವದಲ್ಲಿ ಹಾಗೆ ಕೊಟ್ಟು ನೋಡಿದ 2016ರ ಪ್ಯಾಚ್ ಪ್ರಯೋಗದಲ್ಲಿ ಕೊಟ್ಟವರ ಸ್ಥಿತಿಯೇ ಕೆಟ್ಟಿತ್ತು. ವಾರ್ಫರಿನ್ ನುಂಗುತ್ತಿದ್ದವರಿಗೆ ವಿಟಮಿನ್ ಕೆ ಮತ್ತು ಪಿಸಿಸಿ (ಹೆಪ್ಪುಗಟ್ಟಿಸುವ ಅಂಶಗಳ ಸಾರ), ಹೆಪಾರಿನ್ ಹೋಗಿದ್ದರೆ ಕಳೆದ ಎರಡು ಮೂರು ಗಂಟೆಯ ಪ್ರತಿ 100 ಯೂನಿಟ್‌ಗೆ 1 ಮಿ.ಗ್ರಾಂ. ಪ್ರೊಟಮಿನ್, 50 ಮಿ.ಗ್ರಾಂ. ಮೀರದಂತೆ.

ಟ್ರಾನೆಕ್ಸಾಮಿಕ್ ಆಸಿಡ್

ಇದು ಪ್ಲಾಸ್ಮಿನೋಜೆನ್ ಹೋಗಿ ಹೆಪ್ಪಿಗೆ ಅಂಟಿಕೊಳ್ಳುವ ಜಾಗವನ್ನು ಮುಚ್ಚುತ್ತದೆ, ಹಾಗಾಗಿ ಹೆಪ್ಪು ಕರಗುವುದು ನಿಲ್ಲುತ್ತದೆ. ಡೋಸ್ 1000 ಮಿ.ಗ್ರಾಂ., 10 ನಿಮಿಷದಲ್ಲಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆಂಪ್ಯೂಲ್ 5 ಮಿ.ಲೀ.ನಲ್ಲಿ 500 ಮಿ.ಗ್ರಾಂ. ಇರುವಂಥದ್ದು, ಎರಡು ಒಡೆದು 100 ಮಿ.ಲೀ. ನಾರ್ಮಲ್ ಸಲೈನಿಗೆ ಹಾಕಿ ಬಿಡಿ. ಸಿರಿಂಜಿನಲ್ಲಿ ಒಂದೇ ಸಲ ತಳ್ಳಿದರೆ ಬಿ.ಪಿ. ಕುಸಿಯುತ್ತದೆ. ಫಿಟ್ಸ್ ಬರುವ ಸಾಧ್ಯತೆಯನ್ನೂ ನೆನಪಿಡಿ.

ಹೆಪ್ಪು ಕರಗಿಸಿದ ಮೇಲಿನ ರಕ್ತಸ್ರಾವದಲ್ಲಿ ಇದರ ಬಲಕ್ಕೆ ನಿಂತ ದೊಡ್ಡ ಪ್ರಯೋಗವಿಲ್ಲ. ತಾನಾಗಿ ಆದ ರಕ್ತಸ್ರಾವದಲ್ಲಿ ನಡೆದ 2018ರ ಟಿಚ್ 2 ಪ್ರಯೋಗದಲ್ಲಿ ಮೂರು ತಿಂಗಳ ನಂತರದ ಚೇತರಿಕೆ ಸುಧಾರಿಸಲಿಲ್ಲ. ಆದರೂ ಅಮೆರಿಕದ ಹೃದಯ ಸಂಘದ ಮಾರ್ಗಸೂಚಿಯಲ್ಲಿ ಇದಕ್ಕೆ ಜಾಗವಿದೆ. ಇದರ ದೊಡ್ಡ ಗುಣ ಬೇರೆ: ಪ್ರಸವ ವಾರ್ಡಿರುವ ಪ್ರತಿ ಆಸ್ಪತ್ರೆಯ ಕಪಾಟಿನಲ್ಲೂ ಇದು ಸಿಗುತ್ತದೆ, ಕರಗಿಸಬೇಕಾಗಿಲ್ಲ, ಫ್ರೀಜರ್ ಬೇಕಾಗಿಲ್ಲ. ಸ್ಕ್ಯಾನಿನಲ್ಲಿ ರಕ್ತ ಖಚಿತವಾದ ಕೂಡಲೇ, ಕ್ರಯೋ ಬರುವವರೆಗಿನ ಖಾಲಿ ಹೊತ್ತಿನಲ್ಲಿ ಕೊಡಬಹುದಾದ್ದು ಇದೊಂದೇ.

ಕ್ರಯೋ ಇಲ್ಲದ ಊರಿನಲ್ಲಿ

ರಕ್ತದ ಘಟಕಗಳನ್ನು ಬೇರ್ಪಡಿಸುವ ಬ್ಲಡ್ ಬ್ಯಾಂಕ್ ಎಲ್ಲ ತಾಲ್ಲೂಕುಗಳಲ್ಲೂ ಇಲ್ಲ. ಅಂಥ ಕಡೆ ಥ್ರಾಂಬೊಲಿಸಿಸ್ ಶುರುಮಾಡುವ ಮೊದಲೇ ಹತ್ತಿರದ ಯಾವ ಬ್ಲಡ್ ಬ್ಯಾಂಕಿನಲ್ಲಿ ಕ್ರಯೋ ಇದೆ, ರಾತ್ರಿ ಯಾರು ಫೋನ್ ಎತ್ತುತ್ತಾರೆ, ವಾಹನಕ್ಕೆ ಎಷ್ಟು ಹೊತ್ತು ಎಂಬುದು ಗೋಡೆಯ ಮೇಲಿರಬೇಕು. ಕ್ರಯೋ ತರಿಸುವುದೋ ರೋಗಿಯನ್ನು ಕಳಿಸುವುದೋ? ನರಶಸ್ತ್ರಚಿಕಿತ್ಸಕರು ಇಲ್ಲದ ಆಸ್ಪತ್ರೆಯಾದರೆ ಕಳಿಸುವುದೇ ಸರಿ.

ಕಳಿಸುವ ಮೊದಲು ಟ್ರಾನೆಕ್ಸಾಮಿಕ್ ಹೋಗಿರಲಿ, ಬಿ.ಪಿ. ಹತೋಟಿಗೆ ಬರುತ್ತಿರಲಿ, ಉಸಿರಿನ ದಾರಿ ಭದ್ರವಿರಲಿ. ಸ್ಕ್ಯಾನಿನ ಚಿತ್ರಗಳನ್ನು ಮುಂದಿನ ಆಸ್ಪತ್ರೆಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿ, ‘ರೋಗಿ ಇಷ್ಟು ಹೊತ್ತಿಗೆ ಬರುತ್ತಾರೆ, ಅಷ್ಟರಲ್ಲಿ 10 ಯೂನಿಟ್ ಕ್ರಯೋ ಕರಗಿಸಿಡಿ’ ಎಂದು ಅಲ್ಲಿನ ಡ್ಯೂಟಿ ಡಾಕ್ಟರಿಗೇ ಹೇಳಿ. ಚೀಟಿಯಲ್ಲಿ ತೂಕ, ಔಷಧ, ಒಳಗೆ ಹೋದ ಒಟ್ಟು ಮಿ.ಗ್ರಾಂ., ಬೋಲಸ್ ಮತ್ತು ನಿಲ್ಲಿಸಿದ ಸಮಯ, ಹೊರಡುವಾಗಿನ ಜಿ.ಸಿ.ಎಸ್., ಪಾಪೆ, ಸ್ಕ್ಯಾನ್ ಸಮಯ, ಕೊಟ್ಟ ಮದ್ದುಗಳು ಇರಲಿ. ‘ಸಿ.ವಿ.ಎ., ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಒಂದೇ ಸಾಲಿನ ರೆಫರಲ್ ಚೀಟಿಯಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ.

ಬಿ.ಪಿ. ಎಷ್ಟಿರಬೇಕು?

ರಕ್ತಸ್ರಾವಕ್ಕೆ ಮೊದಲು ಔಷಧ ಪಡೆದವರಲ್ಲಿ 180/105ರ ಒಳಗೆ ಇಡುವುದು ನಿಯಮ. ರಕ್ತ ಸೋರಿದ ಮೇಲೆ ಪ್ರಶ್ನೆ ಜಟಿಲ. ತಾನಾಗಿ ಆದ ರಕ್ತಸ್ರಾವದಲ್ಲಿ ಸಿಸ್ಟೋಲಿಕ್ (ಬಿ.ಪಿ.ಯ ಮೇಲಿನ ಅಂಕಿ) 140ರ ಗುರಿ, 130ರಿಂದ 150ರ ಮಿತಿಯಲ್ಲಿ. ಆದರೆ ಇವರದು ಬೇರೆ ಮಿದುಳು: ಒಂದು ಕಡೆ ಸೋರುತ್ತಿದೆ, ಅದರ ಪಕ್ಕದಲ್ಲೇ ರಕ್ತವಿಲ್ಲದೆ ಬಳಲುವ ಭಾಗವಿದೆ. ಹೆಪ್ಪು ಹೊರತೆಗೆದು ನಾಳ ತೆರೆದಿದೆ ಎಂದು ಗೊತ್ತಿದ್ದರೆ 140ರ ಹತ್ತಿರ ತರಬಹುದು. ನಾಳ ಮುಚ್ಚಿಯೇ ಇದೆ ಎಂದರೆ 140ರಿಂದ 160ರ ನಡುವೆ ಇರಲಿ, 130ರ ಕೆಳಗೆ ಇಳಿಸುವುದು ಬೇಡ ಎನ್ನುವುದು ನಮ್ಮ ಒಲವು. ಒಂದೇ ಏಟಿಗೆ 210ರಿಂದ 120ಕ್ಕೆ ಬೀಳಿಸುವುದು ಏರಿದ ಬಿ.ಪಿ.ಯಷ್ಟೇ ಕೆಟ್ಟದ್ದು.

ಲ್ಯಾಬೆಟಲಾಲ್ 10ರಿಂದ 20 ಮಿ.ಗ್ರಾಂ., ಒಂದೆರಡು ನಿಮಿಷದಲ್ಲಿ, ಬೇಕಾದರೆ ಇನ್ನೊಮ್ಮೆ. ಆಸ್ತಮಾ, ನಿಧಾನ ನಾಡಿ, ಹಾರ್ಟ್ ಬ್ಲಾಕ್ ಇದ್ದವರಿಗೆ ಇದು ಬೇಡ. ಅವರಿಗೆ ನಿಕಾರ್ಡಿಪಿನ್ ಗಂಟೆಗೆ 5 ಮಿ.ಗ್ರಾಂ.ನಿಂದ ಶುರುಮಾಡಿ, 5ರಿಂದ 15 ನಿಮಿಷಕ್ಕೊಮ್ಮೆ 2.5 ಏರಿಸುತ್ತ 15ರವರೆಗೆ. ನಾಲಿಗೆಯ ಕೆಳಗೆ ನಿಫೆಡಿಪಿನ್ ಒಡೆದು ಹಾಕುವ ಹಳೆಯ ಚಾಳಿ ಕೆಲವೆಡೆ ಇನ್ನೂ ಇದೆ. ಎಷ್ಟು ಇಳಿಯುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ. ಮದ್ದು ಏರಿಸುವ ಮೊದಲು ಕಿಬ್ಬೊಟ್ಟೆ ಮುಟ್ಟಿ ನೋಡಿ. ತುಂಬಿದ ಮೂತ್ರಕೋಶ ಒಂದೇ ಬಿ.ಪಿ.ಯನ್ನು ಗಣನೀಯವಾಗಿ ಏರಿಸಬಲ್ಲದು.

ಮಿದುಳಿನ ಒತ್ತಡ, ಶಸ್ತ್ರಚಿಕಿತ್ಸೆ

ಪಾಪೆ ದೊಡ್ಡದಾಗುವುದು, ಪ್ರಜ್ಞೆ ಇಳಿಯುವುದು, ನಾಡಿ ನಿಧಾನವಾಗಿ ಬಿ.ಪಿ. ಏರುವುದು ಒತ್ತಡದ ಗುರುತು. ಒತ್ತಡ ಇಳಿಸಲು ಮ್ಯಾನಿಟಾಲ್ ಕೆ.ಜಿ.ಗೆ 0.5ರಿಂದ 1 ಗ್ರಾಂ., 15ರಿಂದ 20 ನಿಮಿಷದಲ್ಲಿ. ಶೇ 20ರ 100 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ. ಇರುತ್ತದೆ, ಹಾಗಾಗಿ 60 ಕೆ.ಜಿ.ಯವರಿಗೆ 150ರಿಂದ 300 ಮಿ.ಲೀ. ಎಲ್ಲರಿಗೂ ಕಣ್ಣುಮುಚ್ಚಿ ‘100 ಮಿ.ಲೀ. ಎಂಟು ಗಂಟೆಗೊಮ್ಮೆ’ ಎಂದು ಬರೆಯುವುದು ಡೋಸ್ ಅಲ್ಲ, ರೂಢಿ. ಚಳಿಗಾಲದಲ್ಲಿ ಬಾಟಲಿಯಲ್ಲಿ ಹರಳುಗಟ್ಟಿದ್ದರೆ ಬೆಚ್ಚನೆಯ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ ಬಳಸಿ. ಬಿ.ಪಿ. ಕಡಿಮೆಯಿದ್ದರೆ, ಮೂತ್ರಪಿಂಡ ಸರಿಯಿಲ್ಲದಿದ್ದರೆ ಶೇ 3ರ ಸಲೈನ್ 250 ಮಿ.ಲೀ. ಸ್ಟೀರಾಯ್ಡ್‌ನಿಂದ ಪ್ರಯೋಜನವಿಲ್ಲ. ಫಿಟ್ಸ್ ಬಂದರೆ ಚಿಕಿತ್ಸೆ, ಬಾರದಂತೆ ತಡೆಯಲೆಂದು ಎಲ್ಲರಿಗೂ ಬೇಡ. ಸಕ್ಕರೆ 140ರಿಂದ 180ರ ನಡುವೆ, ಜ್ವರಕ್ಕೆ ಪ್ಯಾರಾಸಿಟಮಾಲ್.

ಶಸ್ತ್ರಚಿಕಿತ್ಸಕರನ್ನು ಸ್ಕ್ಯಾನ್ ಆದ ಕೂಡಲೇ ಕರೆಯಬೇಕು, ಆದರೆ ಚಾಕು ಇಡುವುದು ಫೈಬ್ರಿನೋಜೆನ್ ಸರಿಪಡಿಸಿದ ಮೇಲೆ. ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ತಲೆ ತೆರೆದರೆ ಹೊರತೆಗೆದಷ್ಟೂ ಮತ್ತೆ ತುಂಬುತ್ತದೆ. ಕಿರುಮಿದುಳಿನ ಗಡ್ಡೆ, ಕುಹರಗಳಲ್ಲಿ ನೀರು ಕಟ್ಟಿಕೊಂಡದ್ದು, ಪಿಎಚ್ 2 ಆಗಿ ವೇಗವಾಗಿ ಇಳಿಯುತ್ತಿರುವ ಕಡಿಮೆ ವಯಸ್ಸಿನವರು: ಈ ಮೂರರಲ್ಲಿ ಗಂಭೀರವಾಗಿ ಯೋಚಿಸುತ್ತಾರೆ.

ಸುಮಾರು 6 ಗಂಟೆಗೆ ಒಮ್ಮೆ, 24 ಗಂಟೆಗೆ ಇನ್ನೊಮ್ಮೆ ಸ್ಕ್ಯಾನ್, ಹದಗೆಟ್ಟರೆ ಆಗಲೇ.

ಮನೆಯವರಿಗೆ

ಔಷಧ ಕೊಡುವಾಗ ನೀವು ಸಹಿ ಹಾಕಿದ ಕಾಗದದಲ್ಲಿ ಈ ಅಪಾಯ ಬರೆದಿರುತ್ತದೆ. ರಕ್ತಸ್ರಾವವಾಯಿತೆಂದ ಮಾತ್ರಕ್ಕೆ ಯಾರೋ ತಪ್ಪು ಮಾಡಿದರೆಂದಲ್ಲ, ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಆಗುತ್ತದೆ. ಪಕ್ಕದಲ್ಲಿ ಕೂತವರು ‘ತಲೆ ಸಿಡಿಯುತ್ತಿದೆ ಅಂದರು’, ‘ಮಾತು ಮತ್ತೆ ತೊದಲುತ್ತಿದೆ’ ಎಂಬುದನ್ನು ಆ ಕ್ಷಣವೇ ನರ್ಸಿಗೆ ಹೇಳಿ, ರೌಂಡ್ಸಿಗೆ ಡಾಕ್ಟರ್ ಬರಲಿ ಎಂದು ಕಾಯಬೇಡಿ. ಬಾಯಿ ಒಣಗಿದೆ ಎಂದು ನೀರು, ಎಳನೀರು ಕುಡಿಸಬೇಡಿ. ನುಂಗುವ ಶಕ್ತಿ ಪರೀಕ್ಷಿಸದೆ ಕೊಟ್ಟದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳ ಚೀಟಿ ಇಲ್ಲದಿದ್ದರೆ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ತಂದು ತೋರಿಸಿ. ಗಂಡು ದಿಕ್ಕಿನವರು ಬರಲಿ, ಆಮೇಲೆ ಸಹಿ ಎಂದು ರಕ್ತ ಹಾಕುವ ಒಪ್ಪಿಗೆಯನ್ನು ತಡಮಾಡಬೇಡಿ, ಅಲ್ಲಿರುವ ಯಾರೇ ಹತ್ತಿರದ ಸಂಬಂಧಿ ಮಾತಾಡಬಹುದು.

‘ಬದುಕುತ್ತಾರಾ?’ ಎಂಬ ಪ್ರಶ್ನೆಗೆ ಮೊದಲ ದಿನವೇ ನಿಖರ ಉತ್ತರ ಕೇಳಬೇಡಿ. ವೈದ್ಯರೂ ಮೊದಲ ದಿನವೇ ಕೈಚೆಲ್ಲುವ ಮಾತಾಡಬಾರದು. ಒಂದೆರಡು ದಿನದ ಪೂರ್ಣ ಚಿಕಿತ್ಸೆಯ ನಂತರದ ಸ್ಥಿತಿ ನೋಡಿ ಮಾತಾಡುವುದು ಸರಿ.

ನಂತರದ ದಿನಗಳು

ಮೊದಲ 24 ಗಂಟೆ ಆಸ್ಪಿರಿನ್, ಹೆಪಾರಿನ್ ಯಾವುದೂ ಇಲ್ಲ. ಕಾಲಿನಲ್ಲಿ ಹೆಪ್ಪುಗಟ್ಟದಂತೆ ಗಾಳಿ ತುಂಬಿ ಹಿಂಡುವ ಪಟ್ಟಿ ಹಾಕಿ. ಎಚ್‌ಐ ಬಗೆಯಾದರೆ ಮರುಸ್ಕ್ಯಾನ್ ನೋಡಿ ಆಸ್ಪಿರಿನ್ ಶುರುಮಾಡಬಹುದು. ಪಿಎಚ್ ಆಗಿದ್ದರೆ ರಕ್ತ ಎಷ್ಟು ಕರಗಿದೆ, ಹೃದಯದಲ್ಲಿ ಹೆಪ್ಪುಗಟ್ಟುವ ಅಪಾಯ ಎಷ್ಟಿದೆ ಎಂಬುದನ್ನು ತೂಗಿ ತಜ್ಞರು ದಿನ ಗೊತ್ತುಮಾಡುತ್ತಾರೆ.

ಬಿಡುಗಡೆ ಚೀಟಿಯಲ್ಲಿ ‘ಸ್ಟ್ರೋಕ್, ಥ್ರಾಂಬೊಲೈಸ್ ಮಾಡಲಾಗಿದೆ’ ಎಂದಷ್ಟೇ ಬರೆದು ಕಳಿಸುವುದು ಸಾಮಾನ್ಯ ಲೋಪ. ಯಾವ ಔಷಧ, ಎಷ್ಟು ಮಿ.ಗ್ರಾಂ., ಎಷ್ಟನೇ ಗಂಟೆಗೆ ರಕ್ತಸ್ರಾವ, ಯಾವ ಬಗೆಯದು, ಕ್ರಯೋ ಎಷ್ಟು ಯೂನಿಟ್ ಎಂಬುದು ಸ್ಪಷ್ಟವಾಗಿರಲಿ. ಮಿದುಳಿನಲ್ಲಿ ಒಮ್ಮೆ ರಕ್ತಸ್ರಾವವಾದವರಿಗೆ ಇನ್ನೊಮ್ಮೆ ಲಕ್ವ ಹೊಡೆದರೆ ಈ ಔಷಧ ಸಾಮಾನ್ಯವಾಗಿ ಕೊಡುವುದಿಲ್ಲ, ಮತ್ತು ಆ ರಾತ್ರಿ ಬೇರೆ ಊರಿನ ಡ್ಯೂಟಿ ಡಾಕ್ಟರ್ ಕೈಯಲ್ಲಿ ಇರುವುದು ಈ ಚೀಟಿ ಒಂದೇ.